ಕರೆಂಟು ಹೋಗಿ ಮುಕ್ಕಾಲು ಗಂಟೆಗೇ ಇನ್ವರ್ಟರ್ ಕೂಗಿದರೆ: ಬ್ಯಾಟರಿ ಬದಲಿಸುವ ಮೊದಲು ನೋಡಬೇಕಾದ್ದು

ಲಕ್ಷಣ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. 900 ವಿಎ ಇನ್ವರ್ಟರ್, 150 ಎಎಚ್ (ಆಂಪಿಯರ್-ಗಂಟೆ, ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಟ್ಯೂಬುಲರ್ ಬ್ಯಾಟರಿ. ನಾಲ್ಕು ಗಂಟೆ ಧಾರಾಳ ಬರುತ್ತದೆ ಎಂದು ತರುವಾಗ ಅಂಗಡಿಯವರು ಹೇಳಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕರೆಂಟು ಹೋದ ಮುಕ್ಕಾಲು ಗಂಟೆಗೆ ಕುಂಯ್ ಕುಂಯ್ ಎಂದು ಕೂಗಿ ಆಫ್. ಕರೆಸಿದ ಮೆಕ್ಯಾನಿಕ್ ಮುಚ್ಚಳ ತೆಗೆದು ಇಣುಕಿ ನೋಡಿ, "ಮಾಷ್ಟ್ರೇ, ಬ್ಯಾಟರಿ ಹೋಗಿದೆ, ಹೊಸತು ಹಾಕುವ" ಎನ್ನುತ್ತಾರೆ. ಹೊಸತು ಬರುತ್ತದೆ, ಒಂದು ವರ್ಷ ಎಲ್ಲವೂ ಸರಿ ಇರುತ್ತದೆ, ಆಮೇಲೆ ಮತ್ತೆ ಅದೇ ಕಥೆ.

ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಬಾಯಾರು ಕಡೆಯ ತೋಟದ ಮನೆಗಳಲ್ಲಿ ಈ ದೂರಿಗೆ ಬ್ಯಾಟರಿ ಹಳತಾದದ್ದು ಒಂದು ಕಾರಣ ಮಾತ್ರ. ಅದಕ್ಕಿಂತ ಮೊದಲು ಅನುಮಾನಿಸಬೇಕಾದ್ದು ಇನ್ನು ಮೂರು ಇವೆ. ಬ್ಯಾಟರಿಯ ತಾಕತ್ತಿಗೆ ಮೀರಿ ಲೋಡ್ ಹಾಕಿರುವುದು ಒಂದು. ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದೇ ಇಲ್ಲ ಎನ್ನುವುದು ಇನ್ನೊಂದು. ಚಾರ್ಜ್ ಇದ್ದರೂ ಕೇಬಲ್ಲು, ಟರ್ಮಿನಲ್ಲುಗಳಲ್ಲೇ ವೋಲ್ಟೇಜ್ ಕರಗಿಹೋಗುವುದು ಮೂರನೆಯದು. ಇವುಗಳಲ್ಲಿ ಯಾವುದಿದ್ದರೂ ಹೊಸ ಬ್ಯಾಟರಿಯೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಇವನ್ನು ಬೇರ್ಪಡಿಸಲು ಒಂದು ಮಲ್ಟಿಮೀಟರ್, ಒಂದು ಹೈಡ್ರೋಮೀಟರ್ (ಬ್ಯಾಟರಿಯ ಆಸಿಡ್ ನೀರಿಗಿಂತ ಎಷ್ಟು ಪಟ್ಟು ಭಾರ ಎಂದು ತೋರಿಸುವ ಕೊಳವೆ), ಪೆನ್ನು, ಕಾಗದ ಸಾಕು. ತಂತಿಯ ಸುತ್ತ ಹಿಡಿದು ಡಿಸಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಯಾರ ಹತ್ತಿರವಾದರೂ ಸಿಕ್ಕಿದರೆ ಕೆಲಸ ಬೇಗ ಮುಗಿಯುತ್ತದೆ.

ಕೈ ಹಾಕುವ ಮೊದಲು ಉಂಗುರ, ಬಳೆ, ಲೋಹದ ವಾಚು ತೆಗೆದಿಡಿ. 12 ವೋಲ್ಟು ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಸ್ಪ್ಯಾನರ್ ಎರಡು ಟರ್ಮಿನಲ್‌ಗಳ ಮೇಲೆ ಅಡ್ಡ ಬಿದ್ದರೆ ಕ್ಷಣದಲ್ಲಿ ಕೆಂಪಾಗುತ್ತದೆ, ಉಂಗುರವೂ ಹಾಗೆಯೇ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ನೀರಿನ ಮಟ್ಟ ನೋಡಲು ಬೆಂಕಿಕಡ್ಡಿ ಗೀರುವ ಅಜ್ಜಂದಿರನ್ನು ದೂರ ಕೂರಿಸಿ. ಗ್ಯಾಸ್ ಸಿಲಿಂಡರ್ ಇರುವ ಮೂಲೆಯಲ್ಲಿ ಬ್ಯಾಟರಿ ಇಟ್ಟಿದ್ದರೆ ಮೊದಲು ಅದನ್ನು ಅಲ್ಲಿಂದ ಎಬ್ಬಿಸಿ.

ಆಫ್ ಆಗುವುದು ಯಾವಾಗ?

ಕರೆಂಟು ಹೋದ ಕ್ಷಣದಲ್ಲೇ ಓವರ್‌ಲೋಡ್ ದೀಪ ಹತ್ತಿ ನಿಂತರೆ ಅದು ಬ್ಯಾಟರಿಯ ವಿಚಾರವೇ ಅಲ್ಲ. ಫ್ರಿಜ್ಜೋ ಮಿಕ್ಸಿಯೋ ಇನ್ವರ್ಟರ್ ಲೈನಿನಲ್ಲಿದೆ. 900 ವಿಎ ಎಂದು ಬರೆದಿರುವ ಇನ್ವರ್ಟರ್ ಕೊಡುವುದು ಸುಮಾರು 700 ವ್ಯಾಟ್. ಫ್ರಿಜ್ಜಿನ ಕಂಪ್ರೆಸರ್ ಓಡುವಾಗ 100ರಿಂದ 150 ವ್ಯಾಟ್ ಎಳೆದರೂ ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು ಕೇಳುತ್ತದೆ.

ಒಂದೆರಡು ನಿಮಿಷದಲ್ಲೇ ಸತ್ತರೆ ಟರ್ಮಿನಲ್ ಸಡಿಲವಾಗಿದೆ, ಇಲ್ಲವೇ ಬ್ಯಾಟರಿಯೊಳಗಿನ ಆರು ಸೆಲ್‌ಗಳಲ್ಲಿ (ಖಾನೆಗಳಲ್ಲಿ) ಒಂದು ಪೂರ್ತಿ ಹೋಗಿದೆ. ಮನೆಯಲ್ಲಿ ಕರೆಂಟು ಇದ್ದರೂ ಇನ್ವರ್ಟರಿಗೆ ಅದು ಕಾಣಿಸುತ್ತಿಲ್ಲ, ಚಾರ್ಜಿಂಗ್ ದೀಪವೇ ಇಲ್ಲ ಎಂದಾದರೆ ಹಿಂಬದಿಯ ಫ್ಯೂಸ್ ಅಥವಾ ಒತ್ತಿ ಸರಿಮಾಡುವ ರೀಸೆಟ್ ಗುಂಡಿಯನ್ನು ನೋಡಿ. ವಿಷು ಕಳೆದ ಮೇಲಿನ ಸಿಡಿಲಿಗೆ ಮೊದಲು ಹೋಗುವುದು ಹೆಚ್ಚಾಗಿ ಇದೇ. ಹೊಸ ಫ್ಯೂಸ್ ಹಾಕಿದ ಕೂಡಲೇ ಮತ್ತೆ ಸುಟ್ಟರೆ ಒಳಗಿನ ಬೋರ್ಡು ಕೆಟ್ಟಿದೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು, ರಿಪೇರಿಯವರಿಗೆ ಒಪ್ಪಿಸಿ.

ಉಳಿದದ್ದು ಅರ್ಧ, ಮುಕ್ಕಾಲು, ಒಂದು ಗಂಟೆ ಓಡಿ ನಿಲ್ಲುವ ಜಾತಿ. ಮುಂದಿನದೆಲ್ಲ ಅದರ ಬಗ್ಗೆ.

ನಾಲ್ಕು ಗಂಟೆ ಎಂಬ ಲೆಕ್ಕ ಎಲ್ಲಿಂದ ಬಂತು

ಅಂಗಡಿಯ ಲೆಕ್ಕ ಹೀಗೆ: 12 ವೋಲ್ಟ್ ಗುಣಿಸು 150 ಎಎಚ್, 1800 ವ್ಯಾಟ್-ಗಂಟೆ. ಮನೆಯ ಲೋಡ್ 440 ವ್ಯಾಟ್. ಭಾಗಿಸಿದರೆ ನಾಲ್ಕು ಗಂಟೆ ಚಿಲ್ಲರೆ. ಗುಣಾಕಾರ ತಪ್ಪಿಲ್ಲ, ಆದರೆ ಬ್ಯಾಟರಿ ಹಾಗೆ ನಡೆದುಕೊಳ್ಳುವುದಿಲ್ಲ.

440 ವ್ಯಾಟ್ ಅಂದರೆ ಎಷ್ಟು ಸಾಮಾನ್ಯ ಲೋಡ್ ನೋಡಿ. ಹಳೆಯ ಸೀಲಿಂಗ್ ಫ್ಯಾನ್ ಒಂದಕ್ಕೆ 75 ವ್ಯಾಟಿನಂತೆ ನಾಲ್ಕಕ್ಕೆ 300. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಎಂಟು, 72. ಟಿವಿ ಸುಮಾರು 60, ವೈಫೈ ಪೆಟ್ಟಿಗೆ 10. ಚಾವಡಿಯಲ್ಲಿ ಇಬ್ಬರು, ಒಳಗೆ ಇಬ್ಬರು ಕೂತರೆ ಇಷ್ಟಾಗಿಬಿಡುತ್ತದೆ.

ಇನ್ವರ್ಟರ್ ತಾನೇ ಸ್ವಲ್ಪ ತಿನ್ನುತ್ತದೆ. ಬ್ಯಾಟರಿಯಿಂದ ತೆಗೆದದ್ದರಲ್ಲಿ ಸುಮಾರು ಶೇ. 80 ನಮಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಹಾಗಾದರೆ 440 ವ್ಯಾಟ್ ಕೊಡಲು ಬ್ಯಾಟರಿಯಿಂದ 550 ವ್ಯಾಟ್ ಹೊರಡಬೇಕು. 12ರಿಂದ ಭಾಗಿಸಿದರೆ 46 ಆಂಪಿಯರ್. ಇಲ್ಲಿ ಎರಡನೆಯ ಪೆಟ್ಟು ಬೀಳುತ್ತದೆ. ಬ್ಯಾಟರಿಯ ಮೇಲೆ ಬರೆದ 150 ಎಎಚ್ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಸಿ-20 ಎಂದಿರುತ್ತದೆ. 20 ಗಂಟೆ ಹೊತ್ತು ಏಳೂವರೆ ಆಂಪಿಯರ್‌ನಂತೆ ನಿಧಾನವಾಗಿ ತೆಗೆದರೆ 150 ಸಿಗುತ್ತದೆ ಎಂದು ಅದರ ಅರ್ಥ. 46 ಆಂಪಿಯರ್ ಎಳೆದರೆ ಸಿಗುವುದು ನೂರರ ಆಸುಪಾಸು. ಕಾಯಿಹಾಲನ್ನು ಅವಸರದಲ್ಲಿ ಹಿಂಡಿದ ಹಾಗೆ, ಗಟ್ಟಿ ಹಾಲು ತುರಿಯಲ್ಲೇ ಉಳಿಯುತ್ತದೆ.

ನೂರನ್ನು 46ರಿಂದ ಭಾಗಿಸಿದರೆ ಎರಡು ಗಂಟೆ ಹತ್ತು ನಿಮಿಷ. ಹೊಚ್ಚ ಹೊಸ ಬ್ಯಾಟರಿ, ಪೂರ್ತಿ ಚಾರ್ಜ್, ಒಳ್ಳೆಯ ಕೇಬಲ್ ಎಲ್ಲ ಇದ್ದಾಗಿನ ಮಾತು ಇದು. ನಾಲ್ಕು ಗಂಟೆಯ ನಿರೀಕ್ಷೆ ಇಟ್ಟುಕೊಂಡವರಿಗೆ ಮೊದಲ ದಿನವೇ ಅರ್ಧ ಬ್ಯಾಟರಿ ಸತ್ತಂತೆ ಕಂಡರೆ ಆಶ್ಚರ್ಯವಿಲ್ಲ. ಹೀಗಾಗಿ ಮೊದಲ ಹೆಜ್ಜೆ ನಿಮ್ಮ ಮನೆಯ ನಿಜವಾದ ಲೋಡ್ ಬರೆದು, ಈ ರೀತಿ ಎಷ್ಟು ಹೊತ್ತು ಬರಬೇಕಿತ್ತು ಎಂದು ತಿಳಿಯುವುದು. ಎರಡು ಗಂಟೆ ಬರಬೇಕಾದಲ್ಲಿ ಒಂದು ಮುಕ್ಕಾಲು ಬರುತ್ತಿದ್ದರೆ ದೋಷವೇ ಇಲ್ಲ. ಮುಕ್ಕಾಲು ಗಂಟೆ ಬರುತ್ತಿದ್ದರೆ ಮುಂದೆ ಹೋಗಿ.

ಲೋಡ್ ಬರೆಯುವಾಗ ಕಣ್ಣಿಗೆ ಕಾಣದ್ದನ್ನೂ ಹುಡುಕಿ. ಇನ್ವರ್ಟರ್ ಲೈನಿನ ಸ್ವಿಚ್‌ಗಳನ್ನೆಲ್ಲ ಆಫ್ ಮಾಡಿ, ಮೇನ್ ಇಳಿಸಿ, ಬ್ಯಾಟರಿ ಕೇಬಲ್ಲಿಗೆ ಕ್ಲ್ಯಾಂಪ್ ಮೀಟರ್ ಹಾಕಿ. ಒಂದೆರಡು ಆಂಪಿಯರ್ ತೋರಿಸಿದರೆ ಅದು ಇನ್ವರ್ಟರಿನ ಸ್ವಂತ ಖರ್ಚು. ಎಂಟೋ ಹತ್ತೋ ತೋರಿಸಿದರೆ ಎಲ್ಲೋ ಏನೋ ಓಡುತ್ತಿದೆ. ಅಟ್ಟದ ಮೇಲಿನ ನೀರಿನ ಫಿಲ್ಟರ್, ಕೊಟ್ಟಿಗೆಯ ಫ್ಯಾನು, ದೇವರ ಕೋಣೆಯ ಮಾಲೆ ದೀಪ, ವಯರಿಂಗ್ ಮಾಡಿದವರು ಮರೆತು ಸೇರಿಸಿದ ಪ್ಲಗ್ಗು, ಹೀಗೆ ಏನೇನೋ ಸಿಗುತ್ತವೆ.

ಹೈಡ್ರೋಮೀಟರ್ ಏನು ಹೇಳುತ್ತದೆ

ವೋಲ್ಟೇಜ್ ನೋಡಿ ಬ್ಯಾಟರಿಯ ಯೋಗ್ಯತೆ ಹೇಳುವವರನ್ನು ನಾನು ನಂಬುವುದಿಲ್ಲ. ಚಾರ್ಜರಿನಿಂದ ಆಗಷ್ಟೇ ಬಿಡಿಸಿದ ಬ್ಯಾಟರಿ ಎಷ್ಟೇ ಹದಗೆಟ್ಟಿದ್ದರೂ 13 ತೋರಿಸಿ ಮೆರೆಯುತ್ತದೆ. ಒಳಗಿನ ಆಸಿಡ್ ಸುಳ್ಳು ಹೇಳುವುದು ಕಡಿಮೆ.

ರಾತ್ರಿಯಿಡೀ ಚಾರ್ಜ್ ಮಾಡಿ. ಬೆಳಿಗ್ಗೆ ಇನ್ವರ್ಟರ್ ಆಫ್ ಮಾಡಿ, ಅದಕ್ಕೆ ಬರುವ ಮೇನನ್ನೂ ಇಳಿಸಿ ಎರಡು ಮೂರು ಗಂಟೆ ಬಿಡಿ. ಆಮೇಲೆ ಆರು ಸೆಲ್‌ಗಳ ಮುಚ್ಚಳ ತೆಗೆದು ಒಂದೊಂದರ ರೀಡಿಂಗ್ ಬರೆದುಕೊಳ್ಳಿ. ಮನೆಗೆ ಬರುವ ಟ್ಯೂಬುಲರ್ ಬ್ಯಾಟರಿ ಪೂರ್ತಿ ತುಂಬಿದಾಗ ಸುಮಾರು 1.240 ತೋರಿಸಬೇಕು. ಕಾರಿನ ಬ್ಯಾಟರಿಯ 1.280 ನೆನಪಿಟ್ಟುಕೊಂಡ ಮೆಕ್ಯಾನಿಕ್ ಇದನ್ನು ನೋಡಿ "ಆಸಿಡ್ ಕಡಿಮೆ" ಎಂದು ಆಸಿಡ್ ಸುರಿಯುವುದುಂಟು. ಸುರಿಯಗೊಡಬೇಡಿ. ರೀಡಿಂಗ್ ಏರುತ್ತದೆ, ಪ್ಲೇಟು ಸವೆಯುತ್ತದೆ, ಮುಂದೆ ಯಾವ ರೀಡಿಂಗನ್ನೂ ನಂಬುವಂತಿರುವುದಿಲ್ಲ.

ಇದೇ ಕಾರಣಕ್ಕೆ ವಿಶ್ರಾಂತಿಯಲ್ಲಿರುವ ಟ್ಯೂಬುಲರ್ ಬ್ಯಾಟರಿ 12.5 ವೋಲ್ಟ್ ತೋರಿಸಿದರೆ ಅದು ತುಂಬಿದೆ ಎಂದೇ ಅರ್ಥ. ರೀಡಿಂಗಿಗೆ 0.84 ಕೂಡಿಸಿ ಆರರಿಂದ ಗುಣಿಸಿದರೆ ವೋಲ್ಟೇಜು ಸುಮಾರಾಗಿ ಸಿಗುತ್ತದೆ: 1.240ಕ್ಕೆ 12.48. ಎರಡೂ ಹೊಂದುತ್ತಿಲ್ಲ ಎಂದಾದರೆ ಅಳತೆಯಲ್ಲೇ ಏನೋ ತಪ್ಪಿದೆ, ಇನ್ನೊಮ್ಮೆ ನೋಡಿ. ಹಿಂದಿನ ದಿನವಷ್ಟೇ ನೀರು ಹಾಕಿದ್ದರೆ ಅದು ಮೇಲೇ ನಿಂತಿರುತ್ತದೆ, ರೀಡಿಂಗ್ ಕಡಿಮೆ ಬರುತ್ತದೆ. ಒಂದು ಪೂರ್ತಿ ಚಾರ್ಜ್ ಆದ ಮೇಲೆ ನೋಡುವುದು ಸರಿ.

ಈಗ ಬರೆದುಕೊಂಡ ಆರು ಸಂಖ್ಯೆಗಳನ್ನು ನೋಡಿ. ಐದು 1.230ರ ಸುತ್ತ ಇದ್ದು ಒಂದೇ ಒಂದು 1.150 ಆಗಿದ್ದರೆ ಆ ಸೆಲ್ ಹೋಗಿದೆ. ಸೆಲ್ ಸೆಲ್‌ಗಳ ನಡುವೆ 0.030ಕ್ಕಿಂತ ಹೆಚ್ಚು ಅಂತರ ಸಹಿಸುವಂಥದ್ದಲ್ಲ. ಆಗ ಮೆಕ್ಯಾನಿಕ್ ಹೇಳಿದ್ದು ಸರಿ, ಹೊಸ ಬ್ಯಾಟರಿಯೇ ಗತಿ. ಆರೂ ಒಂದೇ ಸಮನೆ 1.180, 1.190 ಎಂದು ಕೆಳಗಿದ್ದರೆ ಬ್ಯಾಟರಿ ಕೆಟ್ಟಿಲ್ಲದಿರಬಹುದು, ಅದಕ್ಕೆ ಚಾರ್ಜ್ ಸಾಲುತ್ತಿಲ್ಲ. ನಮ್ಮ ಕಡೆ ಕಾಣುವುದು ಹೆಚ್ಚಾಗಿ ಇದೇ. ಆರೂ 1.240 ಹತ್ತಿರ ಇದ್ದು ಬ್ಯಾಕಪ್ ಮಾತ್ರ ಬರುತ್ತಿಲ್ಲವಾದರೆ ಕೇಬಲ್ಲಿನ ಕಡೆ ಹೋಗಿ. ಅಲ್ಲೂ ಏನೂ ಸಿಗದಿದ್ದರೆ ಪ್ಲೇಟು ಉದುರಿ ಬ್ಯಾಟರಿ ಮುದಿಯಾಗಿದೆ.

ನೀರಿನ ಬಗ್ಗೆ ಒಂದು ಮಾತು. ಗುಡ್ಡ ಕೊರೆದು ತೆಗೆದ ಸುರಂಗದ ನೀರು ನಮ್ಮಲ್ಲಿ ಕುಡಿಯಲು ಅಮೃತ, ಬ್ಯಾಟರಿಗೆ ವಿಷ. ಮುರಕಲ್ಲಿನಲ್ಲಿ ಇಳಿದು ಬಂದ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅದು ಬ್ಯಾಟರಿಯನ್ನು ಕೂತಲ್ಲೇ ಖಾಲಿ ಮಾಡುತ್ತದೆ. ಮಾಡಿನಿಂದ ಇಳಿದ ಮಳೆನೀರೂ ಬೇಡ. ಪೇಟೆಯಲ್ಲಿ ಸಿಗುವ ಬ್ಯಾಟರಿ ನೀರು ದುಬಾರಿಯೇನಲ್ಲ.

ಚಾರ್ಜ್ ಯಾಕೆ ಸಾಲುತ್ತಿಲ್ಲ

ಇನ್ವರ್ಟರಿನ ಹಿಂದೆ ಅಥವಾ ಮುಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ವೈಡ್ ಎಂದು ಬರೆದಿರುತ್ತದೆ. ಕಂಪ್ಯೂಟರ್ ಇರುವ ಮನೆಗೆ ಒಳ್ಳೆಯದೆಂದು ಜೋಡಿಸುವವರು ಅದನ್ನು ಯುಪಿಎಸ್ ಕಡೆಗೆ ತಳ್ಳಿ ಹೋಗಿರುತ್ತಾರೆ. ಆ ಮೋಡಿನಲ್ಲಿ ಲೈನಿನ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದರೆ ಇನ್ವರ್ಟರ್ ಕರೆಂಟು ಹೋಯಿತೆಂದೇ ತಿಳಿದು ಬ್ಯಾಟರಿಗೆ ಬದಲಾಗುತ್ತದೆ. ನಾರ್ಮಲ್ ಮೋಡಿನಲ್ಲಿ ಅದು 100ರ ಹತ್ತಿರದವರೆಗೂ ತಾಳಿಕೊಳ್ಳುತ್ತದೆ.

ಮಂಗಳೂರಿನಂಥ ಪೇಟೆಯಲ್ಲಿ ಇದು ದೊಡ್ಡ ವಿಷಯವಾಗಲಾರದು. ಟ್ರಾನ್ಸ್‌ಫಾರ್ಮರಿನಿಂದ ದೂರ, ಲೈನಿನ ತುದಿಯಲ್ಲಿರುವ ತೋಟದ ಮನೆಗೆ ಇದೇ ಇಡೀ ವಿಷಯ. 230 ವೋಲ್ಟ್ ಇರಬೇಕಾದಲ್ಲಿ ಬೇಸಿಗೆಯಲ್ಲಿ ಸುತ್ತಮುತ್ತಲಿನ ತೋಟಗಳಿಗೆಲ್ಲ ಪಂಪು ಬಿಟ್ಟಾಗ, ಅಥವಾ ದೀಪ ಹಚ್ಚುವ ಹೊತ್ತಿಗೆ, 170 ಕಂಡರೆ ಅದೇನೂ ಅಪರೂಪವಲ್ಲ. ಆಗ ನಡೆಯುವುದು ಇಷ್ಟು: ಆರೂವರೆಗೆ ವೋಲ್ಟೇಜ್ ಇಳಿಯುತ್ತದೆ, ಇನ್ವರ್ಟರ್ ಸದ್ದಿಲ್ಲದೆ ಬ್ಯಾಟರಿಗೆ ಹಾರುತ್ತದೆ. ಅಡಿಗೆಮನೆಯ ಬಲ್ಬು ಲೈನಿನಲ್ಲೇ ಉರಿಯುತ್ತಿರುವುದರಿಂದ ಕರೆಂಟು ಇದೆ ಎಂದೇ ಮನೆಯವರ ಎಣಿಕೆ. ಎಂಟು ಗಂಟೆಗೆ ಎಲ್ಲೋ ತೆಂಗಿನ ಮಡಲು ಬಿದ್ದು ನಿಜವಾಗಿ ಕರೆಂಟು ಹೋಗುತ್ತದೆ. ಅಷ್ಟರಲ್ಲಿ ಒಂದೂವರೆ ಗಂಟೆಯ ಬ್ಯಾಟರಿ ಖರ್ಚಾಗಿ ಹೋಗಿದೆ, ಉಳಿದದ್ದು ಮುಕ್ಕಾಲು ಗಂಟೆ. ಹಗಲಲ್ಲಿ ಅದೇ ಲೋ ವೋಲ್ಟೇಜಿನಿಂದ ಚಾರ್ಜಿಗೂ ಸಮಯ ಸಿಕ್ಕಿರುವುದಿಲ್ಲ.

ಪತ್ತೆ ಮಾಡುವುದು ಸುಲಭ. ಸಂಜೆ ಆರರಿಂದ ಒಂಬತ್ತರ ತನಕ ಅರ್ಧ ಗಂಟೆಗೊಮ್ಮೆ ಪ್ಲಗ್ಗಿನಲ್ಲಿ ವೋಲ್ಟೇಜ್ ಅಳೆದು ಬರೆಯಿರಿ, ಪಕ್ಕದಲ್ಲಿ ಇನ್ವರ್ಟರಿನ ಯಾವ ದೀಪ ಉರಿಯುತ್ತಿತ್ತು ಎಂದೂ ಬರೆಯಿರಿ. ಇನ್ವರ್ಟರ್ ಲೈನಿನ ಫ್ಯಾನು ಜೋರಾಗಿ, ಉಳಿದ ಫ್ಯಾನು ತೂಕಡಿಸುತ್ತಾ ತಿರುಗುತ್ತಿದ್ದರೆ ಮೀಟರೇ ಬೇಡ. ಪರಿಹಾರ ಸ್ವಿಚ್ಚನ್ನು ನಾರ್ಮಲ್ ಕಡೆ ತಳ್ಳುವುದು. ಬದಲಾಗುವಾಗ ಕಂಪ್ಯೂಟರ್ ಒಮ್ಮೆ ರೀಸ್ಟಾರ್ಟ್ ಆದೀತು, ಲ್ಯಾಪ್‌ಟಾಪಿಗೆ ಏನೂ ಆಗದು. ಬರೆದ ಚೀಟಿಯನ್ನು ಎಸೆಯಬೇಡಿ. ಕೆಎಸ್‌ಇಬಿಯ (ಕೇರಳದ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿಗೆ ಅರ್ಜಿ ಕೊಡುವಾಗ, ಅಥವಾ 1912ಕ್ಕೆ ದೂರು ಹೇಳುವಾಗ, "ವೋಲ್ಟೇಜ್ ಇಲ್ಲ" ಎಂಬ ಮಾತಿಗಿಂತ ದಿನ, ಗಂಟೆ, ವೋಲ್ಟ್ ಬರೆದ ಪಟ್ಟಿಗೆ ತೂಕ ಹೆಚ್ಚು.

ಮೋಡ್ ಸರಿಯಿದ್ದೂ ಚಾರ್ಜ್ ಸಾಲದಿದ್ದರೆ ಚಾರ್ಜಿಂಗ್ ನಡೆಯುವಾಗ ಬ್ಯಾಟರಿಯ ಮೇಲೆ ವೋಲ್ಟೇಜ್ ನೋಡಿ. ಖಾಲಿ ಬ್ಯಾಟರಿಗೆ ಮೊದಲು ಹದಿಮೂರರ ಮೇಲೆ ಇದ್ದು, ಗಂಟೆಗಳು ಕಳೆದಂತೆ 14.4ರ ಹತ್ತಿರ ಏರಿ, ತುಂಬಿದ ಮೇಲೆ 13.6ರ ಆಸುಪಾಸಿಗೆ ಇಳಿಯಬೇಕು. ರಾತ್ರಿ ಕಳೆದರೂ 14ನ್ನೇ ಮುಟ್ಟದಿದ್ದರೆ ಎರಡು ಸಾಧ್ಯತೆ. ಬ್ಯಾಟರಿ ಬಗೆ ಆರಿಸುವ ಸ್ವಿಚ್ ಟ್ಯೂಬುಲರ್ ಬಿಟ್ಟು ಬೇರೆ ಕಡೆ ಇದೆ, ಅಥವಾ ಚಾರ್ಜಿಂಗ್ ಕರೆಂಟು ಬ್ಯಾಟರಿಗೆ ಸಾಲದು. 150 ಎಎಚ್ ಬ್ಯಾಟರಿಗೆ ಸುಮಾರು 15 ಆಂಪಿಯರ್ ಬೇಕು. ಸಣ್ಣ ಇನ್ವರ್ಟರಿಗೆ 200 ಎಎಚ್ ಬ್ಯಾಟರಿ ಕಟ್ಟಿ "ಬ್ಯಾಕಪ್ ಹೆಚ್ಚಿಸಿದ" ಮನೆಗಳಲ್ಲಿ ಬ್ಯಾಟರಿ ವರ್ಷವಿಡೀ ಅರೆಹೊಟ್ಟೆ. ಅರೆಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಇದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಚಾರ್ಜ್ ಕೊಟ್ಟರೂ ಹಿಡಿಯುವುದಿಲ್ಲ. ಪೂರ್ತಿ ಖಾಲಿಯಾದ ಬ್ಯಾಟರಿ ತುಂಬಲು 10ರಿಂದ 12 ಗಂಟೆ ಬೇಕು ಎಂಬುದು ಲೆಕ್ಕದಲ್ಲಿರಲಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಎರಡು ಗಂಟೆ ಬಂದು ನಾಲ್ಕು ಗಂಟೆ ಹೋಗುವ ಕರೆಂಟಿನಲ್ಲಿ ಯಾವ ಬ್ಯಾಟರಿಯೂ ತುಂಬದು. ಅಂಥ ವಾರ ಕಳೆದ ಮೇಲೆ ಒಂದು ದಿನ ಪೂರ್ತಿ ಚಾರ್ಜಿಗೆ ಬಿಟ್ಟು ಹೈಡ್ರೋಮೀಟರ್ ನೋಡದೆ ತೀರ್ಪು ಕೊಡಬೇಡಿ.

ಎರಡು ಬ್ಯಾಟರಿಯ 24 ವೋಲ್ಟ್ ವ್ಯವಸ್ಥೆಯಾದರೆ ಒಟ್ಟು ವೋಲ್ಟೇಜ್ ನೋಡಿ ಮೋಸಹೋಗುವುದು ಸುಲಭ. ಒಟ್ಟು 28.8 ಸರಿಯಾಗಿಯೇ ಇರುತ್ತದೆ. ಬಿಡಿಬಿಡಿಯಾಗಿ ಅಳೆದರೆ ಒಂದು 15.4, ಇನ್ನೊಂದು 13.4. ಒಂದು ಕುದಿಯುತ್ತಿದೆ, ಇನ್ನೊಂದು ಹಸಿದಿದೆ. ಒಂದು ಹಳತು, ಒಂದು ಹೊಸತು ಜೋಡಿ ಹಾಕಿದಲ್ಲಿ ಹೀಗಾಗುತ್ತದೆ. ಬದಲಿಸುವುದಾದರೆ ಎರಡನ್ನೂ ಒಟ್ಟಿಗೆ ಬದಲಿಸಿ.

ಕೇಬಲ್ಲು, ಟರ್ಮಿನಲ್ಲು

ಆಸಿಡ್ ವಾಸನೆ ಬೇಡವೆಂದು ಬ್ಯಾಟರಿಯನ್ನು ಹಿಂದಿನ ಜಗಲಿಗೆ ಸಾಗಿಸಿ, ಸಿಕ್ಕಿದ ತಂತಿಯಿಂದ ಕೇಬಲ್ ಉದ್ದ ಮಾಡಿದ ಮನೆಗಳು ಬಹಳ. 46 ಆಂಪಿಯರ್ ಹರಿಯುವಾಗ 10 ಚದರ ಮಿಲಿಮೀಟರಿನ ತಾಮ್ರದ ತಂತಿ ಹೋಗಿ ಬರುವ ಒಟ್ಟು ಐದು ಮೀಟರಿನಲ್ಲಿ ಸುಮಾರು 0.4 ವೋಲ್ಟ್ ತಿನ್ನುತ್ತದೆ. ಸಣ್ಣದೆನಿಸುತ್ತದೆ. ಆದರೆ ಇನ್ವರ್ಟರ್ ತನ್ನ ಹತ್ತಿರ ಬಂದ ವೋಲ್ಟೇಜನ್ನೇ ನೋಡಿ 10.5 ಅಥವಾ 10.8ಕ್ಕೆ ನಿಲ್ಲಿಸುತ್ತದೆ, ಬ್ಯಾಟರಿಯಲ್ಲಿ ಆಗಿನ್ನೂ 10.9 ಅಥವಾ 11.2 ಇದೆ, ಅಂದರೆ ಕೆಲಸಕ್ಕೆ ಬರುವ ಚಾರ್ಜ್ ಉಳಿದೇ ಇದೆ. 25 ಚದರ ಮಿಲಿಮೀಟರಿನ ಕೇಬಲ್ಲಾದರೆ ನಷ್ಟ 0.16 ವೋಲ್ಟಿಗೆ ಇಳಿಯುತ್ತದೆ. ಬ್ಯಾಟರಿ ಇನ್ವರ್ಟರಿನ ಕಾಲ ಬುಡದಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ಪರೀಕ್ಷೆಗೆ ಮೇನ್ ಇಳಿಸಿ ಪೂರ್ತಿ ಲೋಡ್ ಹಾಕಿ. ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಸೀಸದ ಕಂಬಗಳ ಮೇಲೆಯೇ, ಕ್ಲ್ಯಾಂಪಿನ ಮೇಲಲ್ಲ, ಇಟ್ಟು ಅಳೆಯಿರಿ. ಆಮೇಲೆ ಇನ್ವರ್ಟರಿಗೆ ಕೇಬಲ್ ಸೇರುವಲ್ಲಿ ಅಳೆಯಿರಿ. ವ್ಯತ್ಯಾಸ 0.3 ವೋಲ್ಟ್ ದಾಟಿದರೆ ನಷ್ಟ ದಾರಿಯಲ್ಲಿದೆ. ಎಲ್ಲಿ ಎಂದು ತಿಳಿಯಲು ಒಂದು ಕಡ್ಡಿ ಸೀಸದ ಕಂಬದ ಮೇಲೆ, ಇನ್ನೊಂದು ಅದಕ್ಕೆ ಕಟ್ಟಿದ ಕ್ಲ್ಯಾಂಪಿನ ಮೇಲೆ ಇಡಿ, ಅಲ್ಲೇ 0.1ಕ್ಕಿಂತ ಹೆಚ್ಚು ಬಂದರೆ ಆ ಜೋಡಣೆಯೇ ಕಳ್ಳ. ಬಿಚ್ಚಿ, ಬಿಸಿನೀರು ಮತ್ತು ಸೋಡಾಪುಡಿಯಿಂದ ತೊಳೆದು, ಒಣಗಿಸಿ, ಬಿಗಿ ಮಾಡಿ, ಮೇಲಿಂದ ವ್ಯಾಸಲಿನ್ ಹಚ್ಚಿ. ಸೋಡಾನೀರು ಸೆಲ್ಲಿನೊಳಗೆ ಹನಿಯೂ ಬೀಳಬಾರದು, ಮುಚ್ಚಳ ಹಾಕಿಯೇ ತೊಳೆಯಿರಿ. ಉಪ್ಪಳ, ಮಂಜೇಶ್ವರ, ಕುಂಬಳೆಯ ಕಡಲ ಬದಿಯಲ್ಲಿ ಇದನ್ನು ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಮಾಡಿದರೂ ಹೆಚ್ಚಲ್ಲ.

ಇನ್ವರ್ಟರ್ ಹಾಕಿದಂದಿನಿಂದ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಪದೇ ಪದೇ ಬೀಳುತ್ತಿದ್ದರೆ ನ್ಯೂಟ್ರಲ್ ಅದಲುಬದಲಾಗಿದೆ: ಒಂದು ಇಎಲ್‌ಸಿಬಿಯಿಂದ ಹೋದ ಕರೆಂಟು ಇನ್ನೊಂದರ ನ್ಯೂಟ್ರಲ್ಲಿನಲ್ಲಿ ಹಿಂದಿರುಗುತ್ತಿದೆ. ಇಎಲ್‌ಸಿಬಿಯನ್ನು ತಪ್ಪಿಸಿ ನೇರ ಕೊಟ್ಟು "ಸರಿಮಾಡುವ" ಎಲೆಕ್ಟ್ರಿಶಿಯನ್ನನ್ನು ಮನೆಗೆ ಸೇರಿಸಬೇಡಿ. ಹಾಗೆಯೇ ಇನ್ವರ್ಟರಿನ ಔಟ್‌ಪುಟ್ಟನ್ನು ಪ್ಲಗ್ಗಿನ ಮೂಲಕ ಮನೆಯ ಲೈನಿಗೆ ಹಿಂದಿನಿಂದ ಕೊಡುವ ಉಪಾಯವೂ ಬೇಡ. ಕಂಬ ಹತ್ತಿದ ಲೈನ್‌ಮ್ಯಾನಿನ ಜೀವದ ಪ್ರಶ್ನೆ ಅದು.

ಹಾಗಾದರೆ ಎಷ್ಟು ದೊಡ್ಡದು ಬೇಕು?

ನಮ್ಮಲ್ಲಿ ಕರೆಂಟು ಹೋಗುವುದು ಎರಡು ರೀತಿ. ಒಂದು, ಸಂಜೆಯ ಗುಡುಗಿಗೆ ಹೋಗಿ ಎರಡು ಮೂರು ಗಂಟೆಯಲ್ಲಿ ಬರುವುದು. ಇನ್ನೊಂದು, ಗಾಳಿಗೆ ಅಡಿಕೆ ಮರ ಲೈನಿನ ಮೇಲೆ ಮುರಿದು, ಕಂಬ ವಾಲಿ, ಒಂದೆರಡು ದಿನ ಕತ್ತಲೆ. ಮೊದಲನೆಯದಕ್ಕೆ ಬ್ಯಾಟರಿ ಲೆಕ್ಕ ಹಾಕಬಹುದು. ಎರಡನೆಯದಕ್ಕೆ ಬ್ಯಾಟರಿ ಬೆಳೆಸುತ್ತಾ ಹೋದರೆ ಹಣಕ್ಕೆ ಕೊನೆಯಿಲ್ಲ. ಅಲ್ಲಿ ಇಳಿಸಬೇಕಾದ್ದು ಲೋಡನ್ನು.

ಮೇಲಿನ ಮನೆಯನ್ನೇ ತೆಗೆದುಕೊಳ್ಳಿ. ನಾಲ್ಕು ಹಳೆಯ ಫ್ಯಾನುಗಳ ಬದಲು ರಾತ್ರಿ ಮಲಗುವ ಎರಡು ಕೋಣೆಗೆ 30 ವ್ಯಾಟಿನ, ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಫ್ಯಾನು, 60 ವ್ಯಾಟ್. ಐದು ಬಲ್ಬು, 45. ವೈಫೈ 10, ಮೊಬೈಲ್ ಚಾರ್ಜಿಗೆ 15. ಒಟ್ಟು 130. ಬ್ಯಾಟರಿಯಿಂದ ಹೊರಡುವುದು ಹದಿಮೂರೂವರೆ ಆಂಪಿಯರ್. ಇಷ್ಟು ನಿಧಾನವಾಗಿ ತೆಗೆದರೆ ಅದೇ 150 ಎಎಚ್ ಬ್ಯಾಟರಿ 130ಕ್ಕಿಂತ ಹೆಚ್ಚೇ ಎಎಚ್ ಕೊಡುತ್ತದೆ. ಶೇ. 20 ಉಳಿಸಿ ನಿಲ್ಲಿಸಿದರೂ ಎಂಟು ಗಂಟೆ ಹತ್ತಿರ ಹತ್ತಿರ. ಎರಡು ಗಂಟೆಯ ಬ್ಯಾಟರಿ ಎಂಟು ಗಂಟೆಯದಾಯಿತು. ಎರಡನೇ ಬ್ಯಾಟರಿಗೆ ಕೊಡುವ ದುಡ್ಡಿನಲ್ಲಿ ನಾಲ್ಕು ಬಿಎಲ್‌ಡಿಸಿ ಫ್ಯಾನು ಬರುತ್ತವೆ, ಕರೆಂಟು ಬಿಲ್ಲೂ ಇಳಿಯುತ್ತದೆ. ನನ್ನನ್ನು ಕೇಳಿದವರಿಗೆಲ್ಲ ಮೊದಲು ಹೇಳುವುದು ಫ್ಯಾನು, ಆಮೇಲೆ ಬ್ಯಾಟರಿ.

ಆಕ್ಸಿಜನ್ ಯಂತ್ರ ಇರುವ ಮನೆಗೆ ಈ ಲೆಕ್ಕ ಸಲ್ಲದು. ಐದು ಲೀಟರಿನ ಕಾನ್ಸನ್‌ಟ್ರೇಟರ್ ಸುಮಾರು 350 ವ್ಯಾಟ್ ಎಡೆಬಿಡದೆ ಎಳೆಯುತ್ತದೆ. ನಾಲ್ಕು ಗಂಟೆಗೆ 1400 ವ್ಯಾಟ್-ಗಂಟೆ; ಒಂದೇ 12 ವೋಲ್ಟ್ ಬ್ಯಾಟರಿಗೆ ಅದು ಹೊರಲಾರದ ಭಾರ. 24 ವೋಲ್ಟಿನ, ಎರಡು ಬ್ಯಾಟರಿಯ, ಶುದ್ಧ ಸೈನ್ ವೇವ್ ಇನ್ವರ್ಟರ್ ಬೇಕು; ಬೇರೆ ಯಾವುದನ್ನೂ ಆ ಲೈನಿಗೆ ಸೇರಿಸಬಾರದು. ಅಷ್ಟಿದ್ದರೂ ತುಂಬಿದ ಸಿಲಿಂಡರ್ ಒಂದು ಮನೆಯಲ್ಲಿರಲೇಬೇಕು. ಯಾವ ಇನ್ವರ್ಟರನ್ನೂ ಒಬ್ಬರ ಉಸಿರಿಗೆ ಒಂದೇ ಆಧಾರ ಮಾಡಬೇಡಿ.

ಒಂದು ಎಚ್‌ಪಿ ನೀರಿನ ಪಂಪನ್ನು ಮನೆಯ ಇನ್ವರ್ಟರಿನಿಂದ ಓಡಿಸುವ ಆಸೆ ಬಿಡಿ. ಎರಡು ದಿನದ ಕತ್ತಲೆಗೆ ಸಣ್ಣ ಜನರೇಟರ್ ಇದ್ದವರು ದಿನಕ್ಕೆ ಮೂರು ಗಂಟೆ ಅದನ್ನು ಓಡಿಸಿ, ಟ್ಯಾಂಕಿ ತುಂಬಿಸುತ್ತಾ ಬ್ಯಾಟರಿಗೂ ಚಾರ್ಜ್ ಕೊಡಬಹುದು. ಇನ್ವರ್ಟರಿನ ಸ್ವಿಚ್ ನಾರ್ಮಲ್ ಕಡೆ ಇರಲಿ. 15 ಆಂಪಿಯರಿನಂತೆ ಮೂರು ಗಂಟೆಗೆ 45 ಎಎಚ್ ಹತ್ತಿರ ಒಳಗೆ ಹೋಗುತ್ತದೆ, 130 ವ್ಯಾಟಿನ ಲೋಡಿಗೆ ಅದು ಮೂರು ಗಂಟೆಯ ರಾತ್ರಿ. ಮಾಡಿನ ಮೇಲೆ ಸೋಲಾರ್ ಇದೆ, ಚಿಂತೆಯಿಲ್ಲ ಎನ್ನುವವರು ಒಮ್ಮೆ ವಿಚಾರಿಸಿಕೊಳ್ಳಿ: ಲೈನಿಗೆ ಕರೆಂಟು ಮಾರುವ ಆನ್-ಗ್ರಿಡ್ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಬಿಸಿಲು ಎಷ್ಟಿದ್ದರೂ ಅಷ್ಟೆ. ಬ್ಯಾಕಪ್ ಬೇಕಾದರೆ ಬ್ಯಾಟರಿ ಇರುವ ಹೈಬ್ರಿಡ್ಡೇ ಆಗಬೇಕು.

ಲಿಥಿಯಂ ಬಗ್ಗೆ ಕೇಳುವವರಿಗೆ ಚುಟುಕಾಗಿ: 12.8 ವೋಲ್ಟ್, 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1280 ವ್ಯಾಟ್-ಗಂಟೆ ಇದ್ದು, ಜೋರಾಗಿ ಎಳೆದರೂ ಬಹುಪಾಲು ಕೈಗೆ ಸಿಗುತ್ತದೆ. ಬೇಗ ತುಂಬುವುದರಿಂದ ನಮ್ಮ ಬಂದುಹೋಗುವ ಕರೆಂಟಿಗೆ ಚೆನ್ನಾಗಿ ಹೊಂದುತ್ತದೆ. ಹಳೆಯ ಇನ್ವರ್ಟರಿನಲ್ಲಿ ಲಿಥಿಯಂ ಸೆಟ್ಟಿಂಗ್ ಇಲ್ಲದಿದ್ದರೆ ಅದಕ್ಕೆ ಕಟ್ಟಬೇಡಿ.

ಬದಲಿಸಲೇಬೇಕು ಎಂದಾದರೆ

ಪತ್ತನಾಜೆಗೆ (ಮೇ ಕೊನೆಗೆ ಬರುವ ತುಳುವರ ಪರ್ವ) ಮೊದಲು ಒಂದು ಭಾನುವಾರ ಇನ್ವರ್ಟರಿಗೆ ಬರುವ ಮೇನ್ ಇಳಿಸಿ, ಗೊತ್ತಿರುವ ಲೋಡ್ ಹಾಕಿ, ಕೂಗುವ ತನಕ ಓಡಿಸಿ ನೋಡಿ. ವ್ಯಾಟು, ಗಂಟೆ, ತಾರೀಕು ಬ್ಯಾಟರಿಯ ಮೇಲೆಯೇ ಮಾರ್ಕರಿನಲ್ಲಿ ಬರೆಯಿರಿ, ಆಮೇಲೆ ಮರೆಯದೆ ಪೂರ್ತಿ ಚಾರ್ಜಿಗೆ ಬಿಡಿ. ಮೋಡು, ಚಾರ್ಜು, ಕೇಬಲ್ಲು ಎಲ್ಲ ಸರಿಮಾಡಿದ ಮೇಲೂ ಲೆಕ್ಕದಲ್ಲಿ ಬರಬೇಕಾದ ಹೊತ್ತಿನ ಅರ್ಧಕ್ಕೆ ನಿಂತರೆ ಆ ಬ್ಯಾಟರಿಯನ್ನು ಆ ಮಳೆಗಾಲಕ್ಕೆ ನಂಬುವಂತಿಲ್ಲ.

ಹೊಸತು ಕೊಳ್ಳುವಾಗ ಎಎಚ್ ಸಂಖ್ಯೆಯ ಪಕ್ಕ ಸಿ-10 (20ರ ಬದಲು 10 ಗಂಟೆಯಲ್ಲಿ ತೆಗೆಯುವ ಲೆಕ್ಕ) ಇದೆಯೋ ಸಿ-20 ಇದೆಯೋ ನೋಡಿ; ಒಂದೇ 150 ಆದರೂ ಸಿ-10ರದ್ದು ಹೆಚ್ಚು ಗಟ್ಟಿ ಬ್ಯಾಟರಿ, ಬೆಲೆಯೂ ಹಾಗೆಯೇ. ತಯಾರಾದ ತಿಂಗಳು ಕೇಳಿ. ಅಂಗಡಿಯಲ್ಲಿ ಅರ್ಧ ವರ್ಷ ಚಾರ್ಜಿಲ್ಲದೆ ಕೂತದ್ದು ಬೇಡ. ಹಾಕುವ ದಿನ ಆರು ಸೆಲ್‌ಗಳ ರೀಡಿಂಗ್ ನಿಮ್ಮ ಎದುರೇ ತೆಗೆಸಿ ವಾರಂಟಿ ಕಾರ್ಡಿನಲ್ಲಿ ಬರೆಸಿ, ಮುಂದೆ ವಾದ ಬಂದರೆ ಅದೇ ಸಾಕ್ಷಿ. ಹಳೆಯದನ್ನು ಆಸಿಡ್ ಚೆಲ್ಲಿ ಗುಜರಿಯವನಿಗೆ ಕೊಡಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದು ಮರುಬಳಕೆಗೆ ಹೋಗಬೇಕಾದ ವಸ್ತು. ಆಸಿಡ್ ಸೇರಿ 50 ಕಿಲೋ ದಾಟುವ ಅದರಲ್ಲಿ ಹೆಚ್ಚಿನದು ಸೀಸ. ಹೊಸ ಬ್ಯಾಟರಿಯ ರೇಟು ಮಾತಾಡುವ ಮೊದಲೇ ಹಳೆಯದಕ್ಕೆ ಎಷ್ಟು ಕಳೆಯುತ್ತೀರಿ ಎಂದು ಕೇಳಿ.